ಹೈಪರ್‌ವೈಸರ್ ಮತ್ತು ಕ್ಲೌಡ್ ನಿರ್ವಹಣಾ ವೇದಿಕೆ: ಸಂಸ್ಥೆಗಾಗಿ ಹೋಲಿಸಿ ಆರಿಸುವ ಕ್ರಮ

ಕೆವಿಎಂ, ವಿಎಂವೇರ್, ಓಪನ್‌ಸ್ಟ್ಯಾಕ್, ಪ್ರಾಕ್ಸ್‌ಮಾಕ್ಸ್ ಎಂಬ ನಾಲ್ಕು ಹೆಸರುಗಳನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟು ಅಂಕ ಕೊಟ್ಟ ವರದಿಗಳು ಸಂಸ್ಥೆಗಳಲ್ಲಿ ಆಗಾಗ ತಯಾರಾಗುತ್ತವೆ. ಕೋಷ್ಟಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದರಿಂದ ಸರಿಯಾದ ತೀರ್ಮಾನ ಹೊರಡುವುದು ಕಷ್ಟ, ಏಕೆಂದರೆ ಅಲ್ಲಿರುವ ನಾಲ್ಕೂ ಒಂದೇ ಜಾತಿಯವಲ್ಲ. ಕೆವಿಎಂ ಲಿನಕ್ಸ್ ಕರ್ನೆಲ್‌ನ ಒಂದು ಭಾಗ. ವಿಎಂವೇರ್ ಎಂಬುದು ಹಲವು ಉತ್ಪನ್ನಗಳನ್ನು ಒಳಗೊಂಡ ಹೆಸರು. ಓಪನ್‌ಸ್ಟ್ಯಾಕ್ ತಾನೇ ಯಾವ ವರ್ಚುವಲ್ ಮಷೀನನ್ನೂ (ವಿಎಂ, ಅಂದರೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರನ್ನೂ) ಓಡಿಸುವುದಿಲ್ಲ. ಆ ಕೆಲಸವನ್ನು ಬಹುತೇಕ ಕಡೆ ಕೆವಿಎಂಗೇ ವಹಿಸುತ್ತದೆ. ಪ್ರಾಕ್ಸ್‌ಮಾಕ್ಸ್ ಕೂಡ ಕೆವಿಎಂ ಮೇಲೆಯೇ ಕಟ್ಟಿದ ನಿರ್ವಹಣಾ ವ್ಯವಸ್ಥೆ.

ಆದ್ದರಿಂದ ಹೋಲಿಕೆಗೆ ಕೂರುವ ಮೊದಲು ಮೂರು ಪದರಗಳನ್ನು ಬೇರ್ಪಡಿಸಿಕೊಳ್ಳಬೇಕು. ಕೆಳಗಿನ ಪದರ ಹೈಪರ್‌ವೈಸರ್, ಅಂದರೆ ಒಂದು ಸರ್ವರ್‌ನ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕನ್ನು ಹಲವು ವರ್ಚುವಲ್ ಮಷೀನ್‌ಗಳಿಗೆ ಹಂಚಿಕೊಡುವ ತಂತ್ರಾಂಶ. ಮಧ್ಯದ ಪದರ ಕ್ಲಸ್ಟರ್ ನಿರ್ವಹಣೆ: ಹಲವು ಸರ್ವರ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವುದು, ಒಂದು ಸರ್ವರ್ ಸತ್ತಾಗ ಅದರಲ್ಲಿದ್ದ ವಿಎಂಗಳನ್ನು ಇನ್ನೊಂದರಲ್ಲಿ ಎಬ್ಬಿಸುವುದು, ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಸ್ಥಳಾಂತರಿಸುವುದು. ಮೇಲಿನ ಪದರವೇ ಕ್ಲೌಡ್ ನಿರ್ವಹಣಾ ವೇದಿಕೆ. ಬೇರೆ ಬೇರೆ ವಿಭಾಗಗಳು ತಮಗೆ ಬೇಕಾದ ವಿಎಂಗಳನ್ನು ತಾವೇ ಸೃಷ್ಟಿಸಿಕೊಳ್ಳುವ, ಪ್ರತಿ ವಿಭಾಗಕ್ಕೂ ಮಿತಿ ವಿಧಿಸುವ ಮತ್ತು ಬಳಕೆಯನ್ನು ಅಳೆದು ಲೆಕ್ಕ ಹಾಕುವ ವ್ಯವಸ್ಥೆ ಅದು. ಈ ಮೂರನ್ನೂ ಪ್ರತ್ಯೇಕವಾಗಿಯೇ ತೀರ್ಮಾನಿಸಬೇಕು. ಮೂರನೆಯದು ಬೇಡವೆಂದು ತೀರ್ಮಾನಿಸುವ ಸ್ವಾತಂತ್ರ್ಯವನ್ನೂ ಉಳಿಸಿಕೊಳ್ಳಬೇಕು.

ಮೊದಲು ನಿಮ್ಮಲ್ಲಿರುವುದರ ಲೆಕ್ಕ

ಮಾರಾಟಗಾರರನ್ನು ಕರೆಯುವ ಮೊದಲು ಈಗ ಓಡುತ್ತಿರುವ ಎಲ್ಲ ವಿಎಂಗಳ ಪಟ್ಟಿಯನ್ನು ಮಾಡಬೇಕು. ಪ್ರತಿಯೊಂದಕ್ಕೂ ಮಂಜೂರಾದ ಪ್ರೊಸೆಸರ್ ಮತ್ತು ಮೆಮೊರಿ ಎಷ್ಟು, ಅದು ನಿಜವಾಗಿ ಬಳಸುತ್ತಿರುವುದು ಎಷ್ಟು, ಡಿಸ್ಕಿಗೆ ಸೆಕೆಂಡಿಗೆ ಎಷ್ಟು ಓದು ಬರಹಗಳು ಹೋಗುತ್ತವೆ ಎಂಬುದನ್ನು ಕನಿಷ್ಠ ಒಂದು ಪೂರ್ಣ ತಿಂಗಳು ಅಳೆಯಬೇಕು. ತಿಂಗಳ ಕೊನೆಯ ಲೆಕ್ಕಪತ್ರ ಮುಗಿಸುವ ದಿನಗಳು ಆ ಅವಧಿಯೊಳಗೆ ಬಾರದಿದ್ದರೆ ಅಳತೆ ಅಪೂರ್ಣವೆಂದೇ ತಿಳಿಯಬೇಕು. ಮಂಜೂರಾತಿಗೂ ಬಳಕೆಗೂ ಇರುವ ಅಂತರ ಬಹುತೇಕ ಸಂಸ್ಥೆಗಳಲ್ಲಿ ದೊಡ್ಡದಾಗಿಯೇ ಇರುತ್ತದೆ, ಮತ್ತು ಪ್ರೊಸೆಸರ್‌ನೊಳಗಿನ ಕೋರ್‌ಗಳ ಸಂಖ್ಯೆಯ ಮೇಲೆ ಹಣ ಕೊಡಬೇಕಾದ ಇಂದಿನ ದಿನಗಳಲ್ಲಿ ಆ ಅಂತರವೇ ನೇರವಾಗಿ ಖರ್ಚಾಗುತ್ತದೆ.

ಸಂಖ್ಯೆಗಳ ಜೊತೆಗೆ ವಿಚಿತ್ರಗಳನ್ನೂ ಬರೆದಿಡಬೇಕು. ಯಾವ ವಿಎಂಗೆ ಯುಎಸ್‌ಬಿ ಲೈಸೆನ್ಸ್ ಕೀಲಿ ಚುಚ್ಚಲಾಗಿದೆ, ಯಾವ ತಂತ್ರಾಂಶದ ಪರವಾನಗಿ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸಕ್ಕೆ ಅಂಟಿಕೊಂಡಿದೆ, ಯಾವುದಕ್ಕೆ ಜಿಪಿಯು ಬೇಕು, ಯಾವುದರಲ್ಲಿ ಇನ್ನೂ ಹಳೆಯ ಆಪರೇಟಿಂಗ್ ಸಿಸ್ಟಮ್ ಇದೆ ಎಂಬುವೇ ಕೊನೆಗೆ ಆಯ್ಕೆಯನ್ನು ಕಟ್ಟಿಹಾಕುವ ಸಂಗತಿಗಳು. ಯಾವ ಅನ್ವಯ ತಂತ್ರಾಂಶದ ತಯಾರಕರು ಯಾವ ಹೈಪರ್‌ವೈಸರ್ ಮೇಲೆ ಮಾತ್ರ ಬೆಂಬಲ ಕೊಡುತ್ತಾರೆ ಎಂಬುದನ್ನು ಅವರಿಂದ ಲಿಖಿತವಾಗಿ ಪಡೆಯುವುದು ಒಳ್ಳೆಯದು. ಪ್ರತಿ ವ್ಯವಸ್ಥೆಯೂ ನಿಂತರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು, ಎಷ್ಟು ಹೊತ್ತಿನ ದತ್ತಾಂಶ ಕಳೆದರೆ ನಡೆಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಆ ವ್ಯವಸ್ಥೆಯನ್ನು ಬಳಸುವ ವಿಭಾಗದವರು, ಐಟಿ ಸಿಬ್ಬಂದಿಯಲ್ಲ.

ಹೈಪರ್‌ವೈಸರ್‌ಗಳಲ್ಲಿ ನಿಜವಾದ ವ್ಯತ್ಯಾಸ

ವೇಗದ ಪ್ರಶ್ನೆಗೆ ಈಗ ಮೊದಲಿನ ತೂಕವಿಲ್ಲ. ಇಂಟೆಲ್ 2005ರಲ್ಲಿ ಮತ್ತು ಎಎಂಡಿ 2006ರಲ್ಲಿ ವರ್ಚುವಲೀಕರಣಕ್ಕೆ ಬೇಕಾದ ಸೂಚನೆಗಳನ್ನು ಪ್ರೊಸೆಸರ್‌ನೊಳಗೇ ಸೇರಿಸಿದವು. ನಂತರದ ವರ್ಷಗಳಲ್ಲಿ ಮೆಮೊರಿ ವಿಳಾಸಗಳ ಅನುವಾದವೂ ಹಾರ್ಡ್‌ವೇರ್‌ಗೇ ಹೋಯಿತು. ಅಲ್ಲಿಂದೀಚೆಗೆ ಸಾಮಾನ್ಯ ಕಚೇರಿ ಕೆಲಸದ ಹೊರೆಯಲ್ಲಿ ಪ್ರಮುಖ ಹೈಪರ್‌ವೈಸರ್‌ಗಳ ನಡುವಿನ ವೇಗದ ಅಂತರಕ್ಕಿಂತ, ಸರಿಯಾದ ಡ್ರೈವರ್ ಹಾಕಿದ ವಿಎಂಗೂ ಹಾಕದ ವಿಎಂಗೂ ನಡುವಿನ ಅಂತರ ಹೆಚ್ಚು. ಇವುಗಳ ಸಾಮರ್ಥ್ಯವೂ ಸಾಬೀತಾಗಿರುವಂಥದೇ: ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್ ಅದೇ ಕಂಪನಿಯ ಹೈಪರ್‌-ವಿ ಎಂಬ ಹೈಪರ್‌ವೈಸರ್ ಆಧಾರದ ಮೇಲೆ, ಗೂಗಲ್‌ನ ಕ್ಲೌಡ್ ಕೆವಿಎಂ ಮೇಲೆ ನಿಂತಿದೆ, ಅಮೆಜಾನ್ ಕ್ಸೆನ್ ಎಂಬ ಹೈಪರ್‌ವೈಸರ್‌ನಿಂದ ಆರಂಭಿಸಿ 2017ರಿಂದ ಕೆವಿಎಂ ಆಧಾರಿತ ನೈಟ್ರೋ ಕಡೆಗೆ ತಿರುಗಿತು. ಮಾರಾಟಗಾರರು ಮುಂದಿಡುವ ಬೆಂಚ್‌ಮಾರ್ಕ್ ಹಾಳೆಗಳನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಸಾಕು.

ವಿಎಂವೇರ್‌ನ ಇಎಸ್‌ಎಕ್ಸ್‌ಐ ಈ ಕ್ಷೇತ್ರದಲ್ಲಿ ಹಳೆಯದು. 2003ರಲ್ಲೇ ವಿಮೋಷನ್ ಎಂಬ ಹೆಸರಿನಲ್ಲಿ ಓಡುತ್ತಿರುವ ವಿಎಂನ ನೇರ ಸ್ಥಳಾಂತರವನ್ನು ಬಳಕೆಗೆ ತಂದದ್ದು ಇದೇ ಕಂಪನಿ, ಮತ್ತು ಹಂಚಿಕೆಯ ಸ್ಟೋರೇಜ್‌ಗಾಗಿ ಅದು ರೂಪಿಸಿದ ವಿಎಂಎಫ್‌ಎಸ್ ಕಡತ ವ್ಯವಸ್ಥೆ ಇಂದಿಗೂ ಅದರ ದೊಡ್ಡ ಬಲ. 2008ರಲ್ಲಿ ವಿಂಡೋಸ್ ಸರ್ವರ್ ಜೊತೆಗೆ ಬಂದ ಹೈಪರ್‌-ವಿ, ವಿಂಡೋಸ್ ಲೈಸೆನ್ಸ್‌ಗಳನ್ನು ಈಗಾಗಲೇ ದೊಡ್ಡ ಪ್ರಮಾಣದಲ್ಲಿ ಕೊಂಡಿರುವ ಸಂಸ್ಥೆಗೆ ಸಹಜವಾಗಿಯೇ ಹತ್ತಿರದ್ದು. ಕೆವಿಎಂ 2007ರಲ್ಲಿ ಲಿನಕ್ಸ್ ಕರ್ನೆಲ್‌ನ 2.6.20 ಆವೃತ್ತಿಯಲ್ಲಿ ಸೇರಿತು. ಅದನ್ನು ಬರಿದಾಗಿ ಬಳಸುವ ಸಂಸ್ಥೆಗಳು ವಿರಳ. ಪ್ರಾಕ್ಸ್‌ಮಾಕ್ಸ್, ನ್ಯೂಟಾನಿಕ್ಸ್‌ನ ಎಎಚ್‌ವಿ, ರೆಡ್ ಹ್ಯಾಟ್‌ನ ಓಪನ್‌ಶಿಫ್ಟ್ ವರ್ಚುವಲೈಸೇಷನ್ ಇವೆಲ್ಲವೂ ಅದರ ಮೇಲಿನ ಹೊದಿಕೆಗಳೇ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕ್ಸೆನ್ ಈಗ ಮುಖ್ಯವಾಗಿ ಕ್ಸೆನ್‌ಸರ್ವರ್ ಮತ್ತು ಅದರಿಂದ ಕವಲೊಡೆದ ಎಕ್ಸ್‌ಸಿಪಿ-ಎನ್‌ಜಿ ರೂಪದಲ್ಲಿ ಸಿಗುತ್ತದೆ. ಎಕ್ಸ್‌ಸಿಪಿ-ಎನ್‌ಜಿ ಪರಿಶೀಲಿಸುವವರು ಡಿಸ್ಕ್ ಸ್ವರೂಪದ ಕಡೆಗೆ ಗಮನ ಕೊಡಬೇಕು, ಏಕೆಂದರೆ ವಿಎಚ್‌ಡಿ ಸ್ವರೂಪದಲ್ಲಿ ಒಂದು ವರ್ಚುವಲ್ ಡಿಸ್ಕ್ ಸುಮಾರು 2 ಟೆರಾಬೈಟ್‌ಗಿಂತ ದೊಡ್ಡದಾಗಲಾರದು.

ನೇರವಾಗಿ ಹಾರ್ಡ್‌ವೇರ್ ಮೇಲೆ ಓಡುವ ಒಂದನೇ ಬಗೆ, ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುವ ಎರಡನೇ ಬಗೆ ಎಂದು ಹೈಪರ್‌ವೈಸರ್‌ಗಳನ್ನು ವಿಂಗಡಿಸುವ ಪಾಠವನ್ನು ಈ ಹಂತದಲ್ಲಿ ಮರೆತರೂ ನಷ್ಟವಿಲ್ಲ. ಕೆವಿಎಂ ಯಾವ ಬಗೆಗೆ ಸೇರುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲ, ಆದರೆ ಅದರಿಂದ ಯಾವ ಸಂಸ್ಥೆಯ ಸರ್ವರ್ ಕೋಣೆಯಲ್ಲೂ ಏನೂ ಬದಲಾಗಿಲ್ಲ.

ಬದಲಾಗುವುದು ಭದ್ರತಾ ತೇಪೆಗಳನ್ನು (ದೋಷ ಸರಿಪಡಿಸುವ ಪ್ಯಾಚ್‌ಗಳನ್ನು) ಹಾಕುವ ಶಿಸ್ತಿನಿಂದ. 2023ರ ಫೆಬ್ರುವರಿಯಲ್ಲಿ ಇಎಸ್‌ಎಕ್ಸ್‌ಐ ಸರ್ವರ್‌ಗಳ ಮೇಲೆ ಹರಡಿದ, ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ಬಳಸಿಕೊಂಡಿತೆಂದು ಹೇಳಲಾದ ದೋಷಕ್ಕೆ ತೇಪೆ ಹೊರಬಂದು ಆಗಲೇ ಎರಡು ವರ್ಷಗಳಾಗಿದ್ದವು, ಮತ್ತು ದಾಳಿಗೊಳಗಾದ ಸರ್ವರ್‌ಗಳು ಅಂತರ್ಜಾಲಕ್ಕೆ ನೇರವಾಗಿ ತೆರೆದುಕೊಂಡಿದ್ದವು. ಆದ್ದರಿಂದ ಹೋಲಿಕೆಯ ಪ್ರಶ್ನೆ ಯಾವುದರಲ್ಲಿ ದೋಷಗಳು ಕಡಿಮೆ ಎಂಬುದಾಗಿರಬಾರದು. ವಿಎಂಗಳನ್ನು ನಿಲ್ಲಿಸದೆ ಸರ್ವರ್‌ಗಳನ್ನು ಒಂದೊಂದಾಗಿ ಖಾಲಿ ಮಾಡಿ, ತೇಪೆ ಹಾಕಿ, ಮತ್ತೆ ಸೇರಿಸಿಕೊಳ್ಳುವ ಕೆಲಸ ಯಾವುದರಲ್ಲಿ ನಿಮ್ಮ ಸಿಬ್ಬಂದಿಗೆ ಅಂಜಿಕೆಯಿಲ್ಲದೆ ಸಾಧ್ಯ ಎಂಬುದನ್ನು ಕೇಳಬೇಕು.

ಕ್ಲಸ್ಟರ್ ಮತ್ತು ಸ್ಟೋರೇಜ್

ನನ್ನ ದೃಷ್ಟಿಯಲ್ಲಿ ಇಡೀ ಹೋಲಿಕೆಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ, ಏಕೆಂದರೆ ಯೋಜನೆಗಳು ಎಡವುವುದು ಹೈಪರ್‌ವೈಸರ್ ಆಯ್ಕೆಗಿಂತ ಸ್ಟೋರೇಜ್ ಆಯ್ಕೆಯಲ್ಲಿ.

ಯಾವ ಸರ್ವರ್‌ಗಳು ಕೆಲಸ ಮುಂದುವರಿಸಬೇಕೆಂದು ತೀರ್ಮಾನಿಸಲು ಕ್ಲಸ್ಟರ್‌ಗೆ, ಸಾಮಾನ್ಯವಾಗಿ ಸರ್ವರ್‌ಗೆ ಒಂದರಂತೆ, ಕನಿಷ್ಠ ಮೂರು ಮತಗಳಿರಬೇಕು. ಎರಡೇ ಸರ್ವರ್‌ಗಳಿದ್ದು ಅವುಗಳ ನಡುವಿನ ಸಂಪರ್ಕ ಕಡಿದರೆ, ಇನ್ನೊಂದು ಸತ್ತಿದೆಯೋ ಕೇಬಲ್ ಮಾತ್ರ ಹೋಗಿದೆಯೋ ಎಂದು ಯಾವುದಕ್ಕೂ ತಿಳಿಯುವುದಿಲ್ಲ. ಎರಡೂ ಒಂದೇ ವಿಎಂ ಅನ್ನು ಎಬ್ಬಿಸಿ ಒಂದೇ ಡಿಸ್ಕಿಗೆ ಬರೆದರೆ ದತ್ತಾಂಶ ಹಾಳಾಗುತ್ತದೆ. ಬಹುಮತದ ನಿಯಮ ಮತ್ತು ಬೇರ್ಪಟ್ಟ ಸರ್ವರನ್ನು ಬಲವಂತವಾಗಿ ನಿಲ್ಲಿಸುವ ಫೆನ್ಸಿಂಗ್ ಇರುವುದು ಇದನ್ನು ತಡೆಯಲು. ಎರಡೇ ಸರ್ವರ್ ಕೊಳ್ಳುವ ಶಕ್ತಿಯಿರುವ ಸಂಸ್ಥೆ ಮೂರನೆಯ ಮತಕ್ಕಾಗಿ ಒಂದು ಸಣ್ಣ ಸಾಕ್ಷಿ ಯಂತ್ರವನ್ನು ಬೇರೆ ಕಡೆ ಇಡಬಹುದು. ಸರ್ವರ್‌ಗಳ ನಡುವೆ ಸಂದೇಶ ಸಾಗಿಸಲು ಪ್ರಾಕ್ಸ್‌ಮಾಕ್ಸ್ ಬಳಸುವ ಕೋರೋಸಿಂಕ್ ತಂತ್ರಾಂಶ ನೆಟ್‌ವರ್ಕ್ ವಿಳಂಬವನ್ನು ಸಹಿಸುವುದಿಲ್ಲ, ಆದ್ದರಿಂದ ಅದರ ಸಂದೇಶಗಳಿಗೆ ಪ್ರತ್ಯೇಕ ನೆಟ್‌ವರ್ಕ್ ಕೊಡಬೇಕು. ಬ್ಯಾಕಪ್ ಓಡುವ ಜಾಲದಲ್ಲೇ ಅದನ್ನೂ ಬಿಟ್ಟರೆ ರಾತ್ರಿ ಹೊತ್ತು ಕಾರಣವಿಲ್ಲದೆ ಸರ್ವರ್‌ಗಳು ಮರುಚಾಲನೆಗೊಂಡಂತೆ ಕಾಣುತ್ತದೆ.

ಸ್ಟೋರೇಜ್ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಎಲ್ಲ ಸರ್ವರ್‌ಗಳೂ ಹಂಚಿಕೊಳ್ಳುವ ಸ್ಯಾನ್ ಪೆಟ್ಟಿಗೆ. ಇನ್ನೊಂದು, ಸರ್ವರ್‌ಗಳೊಳಗಿನ ಡಿಸ್ಕುಗಳನ್ನೇ ಜಾಲದ ಮೂಲಕ ಒಂದಾಗಿಸುವ ಸೆಫ್, ವಿಸ್ಯಾನ್, ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ ಮಾದರಿ. ಈಗಾಗಲೇ ಸ್ಯಾನ್ ಇರುವ ಸಂಸ್ಥೆ ವಿಎಂವೇರ್ ಬಿಟ್ಟು ಹೊರಡುವಾಗ ಒಂದು ಅನಿರೀಕ್ಷಿತ ತೊಡಕನ್ನು ಎದುರಿಸುತ್ತದೆ: ವಿಎಂಎಫ್‌ಎಸ್‌ಗೆ ಸಮನಾದದ್ದು ಕೆವಿಎಂ ಲೋಕದಲ್ಲಿ ಸುಲಭವಾಗಿ ಸಿಗುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಹಂಚಿಕೆಯ ಎಲ್‌ವಿಎಂ (ಲಿನಕ್ಸ್‌ನ ಡಿಸ್ಕ್ ವಿಭಜನೆಯ ವ್ಯವಸ್ಥೆ) ಮೇಲೆ ಸ್ನ್ಯಾಪ್‌ಶಾಟ್, ಅಂದರೆ ವಿಎಂನ ಆ ಕ್ಷಣದ ಸ್ಥಿತಿಯ ಪ್ರತಿ, ತೆಗೆಯುವ ಸೌಲಭ್ಯ ಬಹುಕಾಲ ಇರಲಿಲ್ಲ. 2025ರಲ್ಲಿ ಬಂದ 9ನೇ ಆವೃತ್ತಿಯಲ್ಲಿ ಅದು ಪರೀಕ್ಷಾರ್ಥವಾಗಿ ಸೇರಿತು. ಹೈಪರ್‌-ವಿಯಲ್ಲಿ ಕ್ಲಸ್ಟರ್ ಶೇರ್ಡ್ ವಾಲ್ಯೂಮ್ ಈ ಕೆಲಸ ಮಾಡುತ್ತದೆ. ಸ್ಯಾನ್ ಪೆಟ್ಟಿಗೆಯ ಆಯುಷ್ಯ ಇನ್ನೂ ನಾಲ್ಕು ವರ್ಷ ಉಳಿದಿದ್ದರೆ, ಆಯ್ಕೆಯಾಗುವ ವೇದಿಕೆ ಅದನ್ನು ಪೂರ್ಣವಾಗಿ ಬಳಸಬಲ್ಲದೇ ಎಂಬುದೇ ಮೊದಲ ಜರಡಿಯಾಗಬೇಕು.

ಸೆಫ್ ಆರಿಸುವವರು ಕಚ್ಚಾ ಸಾಮರ್ಥ್ಯಕ್ಕೂ ಬಳಕೆಯ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸವನ್ನು ಕಾಗದದ ಮೇಲೆ ಹಾಕಿ ನೋಡಬೇಕು. ತಲಾ 10 ಟೆರಾಬೈಟ್ ಡಿಸ್ಕಿರುವ ಮೂರು ಸರ್ವರ್‌ಗಳ ಒಟ್ಟು 30 ಟೆರಾಬೈಟ್, ಮೂರು ಪ್ರತಿಗಳ ಸಾಮಾನ್ಯ ಹೊಂದಿಕೆಯಲ್ಲಿ 10ಕ್ಕೆ ಇಳಿಯುತ್ತದೆ. ಡಿಸ್ಕ್ 85 ಪ್ರತಿಶತ ತುಂಬಿದಾಗಲೇ ಎಚ್ಚರಿಕೆ ಬರುವುದರಿಂದ ನಿಜಕ್ಕೂ ಬಳಸಬಹುದಾದದ್ದು ಎಂಟೂವರೆಗಿಂತ ಕಡಿಮೆ. ಇದರ ಮೇಲೆ ಪ್ರತಿ ಡಿಸ್ಕಿನ ಸೇವೆಗೂ ಸುಮಾರು 4 ಗಿಗಾಬೈಟ್ ಮೆಮೊರಿ ಮೀಸಲಿಡಬೇಕು, ಜಾಲ ಕನಿಷ್ಠ 10 ಗಿಗಾಬಿಟ್ ಇರಬೇಕು. ಇವೆಲ್ಲ ಸೇರಿಸಿದ ಮೇಲೂ ಸೆಫ್ ಲಾಭದಾಯಕವಾಗಿ ಕಂಡರೆ ಅದು ಒಳ್ಳೆಯ ಆಯ್ಕೆಯೇ. ಎರಡು ಮೂರು ಸಣ್ಣ ಸರ್ವರ್‌ಗಳ ಕಚೇರಿಗೆ ಮಾತ್ರ, ಸ್ಥಳೀಯ ಡಿಸ್ಕುಗಳ ನಡುವೆ ಕೆಲವು ನಿಮಿಷಗಳಿಗೊಮ್ಮೆ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಪ್ರತಿಕೃತಿ ಕಳಿಸುವ ಸರಳ ವಿಧಾನವೇ ಹೆಚ್ಚು ಒಪ್ಪುತ್ತದೆ. ಸರ್ವರ್ ಸತ್ತರೆ ಆ ಕೆಲವು ನಿಮಿಷಗಳ ದತ್ತಾಂಶ ಹೋಗಬಹುದೆಂಬುದನ್ನು ಒಪ್ಪಿಕೊಂಡಿರಬೇಕು ಅಷ್ಟೆ.

ಸಾಮರ್ಥ್ಯದ ಲೆಕ್ಕದಲ್ಲಿ ಒಂದು ಸರ್ವರ್ ಇಲ್ಲವೆಂದೇ ಭಾವಿಸಬೇಕು. ಮೂರು ಸರ್ವರ್‌ಗಳ ಕ್ಲಸ್ಟರ್‌ನಲ್ಲಿ ಮೆಮೊರಿಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿಸಿದರೆ, ಒಂದು ಸತ್ತಾಗ ಉಳಿದ ಎರಡರಲ್ಲಿ ಎಲ್ಲ ವಿಎಂಗಳಿಗೂ ಜಾಗವಿರುವುದಿಲ್ಲ. ಪ್ರೊಸೆಸರನ್ನು ಇರುವುದಕ್ಕಿಂತ ಹೆಚ್ಚು ಹಂಚಬಹುದು. ಮೆಮೊರಿಯನ್ನು ಹಾಗೆ ಹಂಚುವ ಗೋಜಿಗೆ ಹೋಗದಿರುವುದೇ ಲೇಸು.

ಕ್ಲೌಡ್ ವೇದಿಕೆ ನಿಜಕ್ಕೂ ಬೇಕೇ

ಹೊಸ ವಿಎಂ ಬೇಕೆಂದು ಯಾರು ಕೇಳುತ್ತಾರೆ, ಎಷ್ಟು ಬಾರಿ ಕೇಳುತ್ತಾರೆ, ಯಾರು ಮಾಡಿಕೊಡುತ್ತಾರೆ? ವಾರಕ್ಕೆ ಮೂರು ನಾಲ್ಕು ಕೋರಿಕೆಗಳು ಬಂದು, ಇಬ್ಬರು ನಿರ್ವಾಹಕರೇ ಅವನ್ನು ಮುಗಿಸುತ್ತಿದ್ದರೆ ಕ್ಲೌಡ್ ವೇದಿಕೆಯ ಅಗತ್ಯವಿಲ್ಲ. ಕ್ಲಸ್ಟರ್ ನಿರ್ವಹಣೆಯ ಪದರ ಮತ್ತು ಅದಕ್ಕೆ ಬೇರೆ ತಂತ್ರಾಂಶಗಳಿಂದ ಆದೇಶ ಕೊಡುವ ದಾರಿಯಾದ ಎಪಿಐ ಬಳಸುವ ಕೆಲವು ಸ್ಕ್ರಿಪ್ಟುಗಳು ಸಾಕು. ಹಲವು ವಿಭಾಗಗಳು ಅಥವಾ ಗ್ರಾಹಕರು ಪರಸ್ಪರ ಕಾಣದಂತೆ ಒಂದೇ ಯಂತ್ರಾಂಶವನ್ನು ಹಂಚಿಕೊಳ್ಳಬೇಕಾದಾಗ, ತಮ್ಮ ನೆಟ್‌ವರ್ಕನ್ನು ತಾವೇ ರೂಪಿಸಿಕೊಳ್ಳಬೇಕಾದಾಗ ಮತ್ತು ಬಳಸಿದ್ದಕ್ಕೆ ಬಿಲ್ ಹಾಕಬೇಕಾದಾಗ ಮಾತ್ರ ಈ ಮೂರನೆಯ ಪದರಕ್ಕೆ ಅರ್ಥ ಬರುತ್ತದೆ.

ಅಂಥ ಅಗತ್ಯವಿರುವ ಸಂಸ್ಥೆ ಮೂರು ಮುಕ್ತ ತಂತ್ರಾಂಶಗಳನ್ನು ತಪ್ಪದೆ ನೋಡುತ್ತದೆ. ನಾಸಾ ಮತ್ತು ರ‍್ಯಾಕ್‌ಸ್ಪೇಸ್ 2010ರಲ್ಲಿ ಆರಂಭಿಸಿದ ಓಪನ್‌ಸ್ಟ್ಯಾಕ್ ಒಂದೇ ತಂತ್ರಾಂಶವಲ್ಲ, ಸೇವೆಗಳ ಒಕ್ಕೂಟ: ವಿಎಂಗಳಿಗೆ ನೋವಾ, ಜಾಲಕ್ಕೆ ನ್ಯೂಟ್ರಾನ್, ಡಿಸ್ಕುಗಳಿಗೆ ಸಿಂಡರ್, ಗುರುತಿನ ಪರಿಶೀಲನೆಗೆ ಕೀಸ್ಟೋನ್ ಹೀಗೆ. ಆರು ತಿಂಗಳಿಗೊಂದು ಆವೃತ್ತಿ ಬರುತ್ತದೆ; 2023ರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಏರುವ ಅವಕಾಶವಿರುವುದರಿಂದ ವರ್ಷಕ್ಕೊಮ್ಮೆ ಮೇಲ್ದರ್ಜೆಗೇರಿಸಿದರೆ ಸಾಕು. ಆದರೆ ಆ ವರ್ಷಕ್ಕೊಮ್ಮೆಯ ಕೆಲಸಕ್ಕೂ ಅದನ್ನೇ ಬಲ್ಲ ತಂಡ ಬೇಕು, ಮತ್ತು ಆ ತಂಡದ ಒಬ್ಬರು ಕೆಲಸ ಬಿಟ್ಟರೆ ವ್ಯವಸ್ಥೆ ಅನಾಥವಾಗಬಾರದು. ಪೂರ್ಣಾವಧಿಯ ತಂಡವಿಲ್ಲದ ಸಂಸ್ಥೆಗೆ ನಾನು ಇದನ್ನು ಸೂಚಿಸುವುದಿಲ್ಲ. 2012ರಲ್ಲಿ ಅಪಾಚೆ ಪ್ರತಿಷ್ಠಾನದ ಕೈಸೇರಿದ ಕ್ಲೌಡ್‌ಸ್ಟ್ಯಾಕ್ ಜಾವಾದಲ್ಲಿ ಬರೆದ ಒಂದೇ ನಿರ್ವಹಣಾ ಸರ್ವರ್ ಮತ್ತು ಮೈಎಸ್‌ಕ್ಯೂಎಲ್ ದತ್ತಸಂಚಯದ ಮೇಲೆ ನಡೆಯುತ್ತದೆ. ಕೆವಿಎಂ, ವಿಎಂವೇರ್, ಎಕ್ಸ್‌ಸಿಪಿ-ಎನ್‌ಜಿ ಮೂರನ್ನೂ ಅದು ನಿಭಾಯಿಸುವುದರಿಂದ, ಹಳೆಯ ಹೈಪರ್‌ವೈಸರ್‌ನಿಂದ ನಿಧಾನವಾಗಿ ಹೊರಬರುವ ಸಂಸ್ಥೆಗಳಿಗೆ ಅನುಕೂಲ. ಓಪನ್‌ನೆಬ್ಯುಲಾ ಇವೆರಡಕ್ಕಿಂತ ಹಗುರ. ಸಣ್ಣ ತಂಡವೂ ಅದನ್ನು ನಿಭಾಯಿಸಬಲ್ಲದು.

ಕಂಟೈನರ್‌ಗಳ (ಪೂರ್ಣ ವಿಎಂ ಇಲ್ಲದೆ ಅನ್ವಯ ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಕಟ್ಟುಗಳ) ಕಡೆಗೆ ಈಗಾಗಲೇ ಬಹುಪಾಲು ವಾಲಿರುವ ಸಂಸ್ಥೆ, ಅವನ್ನು ನಿರ್ವಹಿಸುವ ಕುಬರ್ನೆಟಿಸ್ ಒಳಗೇ ವಿಎಂಗಳನ್ನು ಓಡಿಸುವ ಕುಬ್‌ವರ್ಟ್ ಅನ್ನು ಪರಿಗಣಿಸಬಹುದು. ಉಳಿದವರಿಗೆ ಅದು ಕೇವಲ ವಿಎಂಗಳಿಗಾಗಿ ಕುಬರ್ನೆಟಿಸ್ ಕಲಿಯುವ ಹೊರೆಯಾಗುತ್ತದೆ.

ಲೈಸೆನ್ಸ್ ಲೆಕ್ಕ

ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ವಿಎಂವೇರ್ ಅನ್ನು ಕೊಂಡುಕೊಂಡ ಮರುತಿಂಗಳೇ ಶಾಶ್ವತ ಲೈಸೆನ್ಸ್‌ಗಳ ಮಾರಾಟ ನಿಂತು ಎಲ್ಲವೂ ಚಂದಾ ಪದ್ಧತಿಗೆ ಬದಲಾಯಿತು. ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್‌ಗಳ ಶುಲ್ಕವೆಂಬ ನಿಯಮದಡಿ, 12 ಕೋರ್‌ಗಳ ಎರಡೆರಡು ಪ್ರೊಸೆಸರ್ ಇರುವ ಮೂರು ಸರ್ವರ್‌ಗಳಲ್ಲಿ ವಾಸ್ತವದಲ್ಲಿ ಇರುವುದು 72 ಕೋರ್‌ಗಳಾದರೂ ಹಣ ಕೊಡಬೇಕಾದದ್ದು 96ಕ್ಕೆ. ಹಾರ್ಡ್‌ವೇರ್ ಕೊಳ್ಳುವ ಮೊದಲೇ ಈ ಗುಣಾಕಾರ ಮಾಡಿದವರು ಕಡಿಮೆ ಪ್ರೊಸೆಸರ್‌ಗಳಲ್ಲಿ ಹೆಚ್ಚು ಕೋರ್‌ಗಳನ್ನು ಆರಿಸಿಕೊಳ್ಳುತ್ತಾರೆ.

ವಿಎಂಗಳಲ್ಲಿ ವಿಂಡೋಸ್ ಸರ್ವರ್ ಓಡುತ್ತಿದ್ದರೆ ಹೈಪರ್‌ವೈಸರ್ ಯಾವುದಾದರೂ ಅದರ ಲೈಸೆನ್ಸ್ ಬೇಕೇ ಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಸರ್ವರ್‌ನ ಎಲ್ಲ ಕೋರ್‌ಗಳಿಗೂ ಸ್ಟ್ಯಾಂಡರ್ಡ್ ಆವೃತ್ತಿ ಕೊಂಡರೆ ಎರಡು ವಿಂಡೋಸ್ ವಿಎಂಗಳಿಗೆ ಹಕ್ಕು ಸಿಗುತ್ತದೆ, ಡೇಟಾಸೆಂಟರ್ ಆವೃತ್ತಿಯಲ್ಲಿ ಮಿತಿಯಿಲ್ಲ. ವಿಎಂ ಯಾವ ಸರ್ವರ್‌ಗೆ ಸ್ಥಳಾಂತರಗೊಳ್ಳಬಹುದೋ ಅಲ್ಲಿಯೂ ಈ ಲೆಕ್ಕ ಹೊಂದಬೇಕು. ಡೇಟಾಸೆಂಟರ್ ಆವೃತ್ತಿಯನ್ನು ಹೇಗೂ ಕೊಳ್ಳಲೇಬೇಕಾದ ಸಂಸ್ಥೆಗೆ ಹೈಪರ್‌-ವಿ ಹೆಚ್ಚುವರಿ ಖರ್ಚಿಲ್ಲದೆ ಬರುತ್ತದೆ. ಒರಾಕಲ್ ದತ್ತಸಂಚಯ ಇರುವವರು ಇನ್ನೂ ಎಚ್ಚರದಿಂದಿರಬೇಕು: ಬಹುತೇಕ ಹೈಪರ್‌ವೈಸರ್‌ಗಳಲ್ಲಿ ವಿಎಂಗೆ ಹಾಕಿದ ಕೋರ್ ಮಿತಿಯನ್ನು ಆ ಕಂಪನಿ ಲೈಸೆನ್ಸ್ ಮಿತಿಯಾಗಿ ಒಪ್ಪುವುದಿಲ್ಲ, ಆದ್ದರಿಂದ ಅದನ್ನು ಪ್ರತ್ಯೇಕ ಸಣ್ಣ ಕ್ಲಸ್ಟರ್‌ನಲ್ಲಿ ಇಡುವುದು ರೂಢಿ.

ಮುಕ್ತ ತಂತ್ರಾಂಶದ ಅಂಕಣದಲ್ಲಿ ಸೊನ್ನೆ ಬರೆಯುವುದು ಸರಿಯಲ್ಲ. ಬೆಂಬಲದ ಚಂದಾ, ತರಬೇತಿ, ಬ್ಯಾಕಪ್ ತಂತ್ರಾಂಶದ ಬದಲಾವಣೆ ಮತ್ತು ವರ್ಗಾವಣೆಯ ತಿಂಗಳುಗಳಲ್ಲಿ ಎರಡು ವ್ಯವಸ್ಥೆಗಳನ್ನು ಒಟ್ಟಿಗೆ ನಡೆಸುವ ವೆಚ್ಚವನ್ನು ಐದು ವರ್ಷಗಳಿಗೆ ಹರಡಿ ಬರೆಯಬೇಕು. ಹಾಗೆಯೇ ಉತ್ಪನ್ನಗಳು ಕಣ್ಮರೆಯಾಗುವ ಸಾಧ್ಯತೆಗೂ ಒಂದು ಸಾಲು ಇರಲಿ: ಉಚಿತ ಹೈಪರ್‌-ವಿ ಸರ್ವರ್ 2019ರ ಆವೃತ್ತಿಗೇ ನಿಂತಿತು, ರೆಡ್ ಹ್ಯಾಟ್ ತನ್ನ ಹಳೆಯ ವರ್ಚುವಲೀಕರಣ ಉತ್ಪನ್ನವನ್ನು ಕೈಬಿಟ್ಟು ಓಪನ್‌ಶಿಫ್ಟ್ ಕಡೆಗೆ ಹೋಯಿತು.

ಪ್ರಯೋಗದಲ್ಲಿ ಕೆಡಿಸಿ ನೋಡುವುದು

ಕೊನೆಗೆ ಉಳಿದ ಎರಡು ವೇದಿಕೆಗಳನ್ನು ನಿಮ್ಮದೇ ಮೂರು ಸರ್ವರ್‌ಗಳ ಮೇಲೆ, ನಿಮ್ಮದೇ ವಿಎಂಗಳ ಪ್ರತಿಗಳೊಂದಿಗೆ ಹೂಡಿ ನೋಡಬೇಕು. ವಿಎಂ ಸೃಷ್ಟಿಸುವುದು, ಬಳಕೆಯ ನಕ್ಷೆಗಳನ್ನು ನೋಡುವುದು ಎಲ್ಲ ವೇದಿಕೆಗಳಲ್ಲೂ ಚೆನ್ನಾಗಿಯೇ ಇರುತ್ತದೆ. ಅದರಿಂದ ಏನೂ ತಿಳಿಯದು. ಓಡುತ್ತಿರುವ ಸರ್ವರ್‌ನ ವಿದ್ಯುತ್ ತಂತಿಯನ್ನು ಕಿತ್ತು, ವಿಎಂಗಳು ಇನ್ನೊಂದರಲ್ಲಿ ಏಳಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿ. ಸ್ಟೋರೇಜ್ ಜಾಲದ ಒಂದು ಕೇಬಲ್ ತೆಗೆಯಿರಿ, ಡಿಸ್ಕನ್ನು ಬೇಕೆಂದೇ ತುಂಬಿಸಿ, ಒಂದು ಡಿಸ್ಕನ್ನು ಹೊರಗೆಳೆದು ಮರುಜೋಡಣೆ ನಡೆಯುವಾಗ ದತ್ತಸಂಚಯದ ಪ್ರತಿಕ್ರಿಯೆಯ ವೇಗ ಎಷ್ಟು ಕುಸಿಯಿತೆಂದು ಅಳೆಯಿರಿ. ನಿರ್ವಹಣಾ ಸರ್ವರನ್ನೇ ಅಳಿಸಿ ಅದನ್ನು ಮತ್ತೆ ಕಟ್ಟುವ ಪರೀಕ್ಷೆಯನ್ನು ಬಹುತೇಕರು ಮಾಡುವುದೇ ಇಲ್ಲ, ಆದರೆ ಅದು ಕೆಟ್ಟ ದಿನವೇ ಕೆಲಸಕ್ಕೆ ಬರುವ ವಿದ್ಯೆ.

ಬ್ಯಾಕಪ್ ವಿಷಯದಲ್ಲಿ ತೆಗೆದದ್ದಕ್ಕಿಂತ ಮರಳಿ ತಂದದ್ದೇ ಲೆಕ್ಕ. ಇಡೀ ವಿಎಂ, ಅದರೊಳಗಿನ ಒಂದೇ ಕಡತ, ದತ್ತಸಂಚಯದ ಒಂದು ನಿರ್ದಿಷ್ಟ ಕ್ಷಣ ಈ ಮೂರನ್ನೂ ಮರಳಿ ತರಬೇಕು. ಈಗ ಬಳಸುತ್ತಿರುವ ಬ್ಯಾಕಪ್ ತಂತ್ರಾಂಶ ಹೊಸ ವೇದಿಕೆಯನ್ನು ಬೆಂಬಲಿಸುತ್ತದೆಯೇ ಎಂದು ಮೊದಲೇ ನೋಡಬೇಕು. ಉದಾಹರಣೆಗೆ ವೀಮ್ ಎಂಬ ಬ್ಯಾಕಪ್ ತಂತ್ರಾಂಶ ಪ್ರಾಕ್ಸ್‌ಮಾಕ್ಸ್‌ಗೆ ಬೆಂಬಲ ಕೊಟ್ಟದ್ದು 2024ರಲ್ಲಿ. ಬ್ಯಾಕಪ್ ಸರ್ವರ್‌ನ ಗುರುತಿನ ಪರಿಶೀಲನೆ ಹೈಪರ್‌ವೈಸರ್ ಬಳಸುವ ಬಳಕೆದಾರರ ಡೈರೆಕ್ಟರಿಗಿಂತ ಬೇರೆಯಾಗಿರಲಿ, ಇಲ್ಲವಾದರೆ ಕದ್ದ ಒಂದೇ ಪಾಸ್‌ವರ್ಡ್ ಎರಡನ್ನೂ ತೆರೆಯುತ್ತದೆ.

ವರ್ಗಾವಣೆ

ಡಿಸ್ಕ್ ಸ್ವರೂಪ ಬದಲಿಸುವುದು ಸುಲಭದ ಭಾಗ. ವಿಎಂವೇರ್‌ನ ವಿಎಂಡಿಕೆಯಿಂದ ಕೆವಿಎಂ ಕಡೆಯ ಕ್ಯೂಕೌ2ಗೆ ಪರಿವರ್ತಿಸಲು ಕ್ಯೂಎಮು ಸಲಕರಣೆಗಳಿವೆ, ಇಡೀ ವಿಎಂ ಅನ್ನು ಡ್ರೈವರ್ ಸಮೇತ ಕೆವಿಎಂಗೆ ಹೊಂದಿಸಲು ವರ್ಟ್-ವಿ2ವಿ ಇದೆ, ಪ್ರಾಕ್ಸ್‌ಮಾಕ್ಸ್ 2024ರಿಂದ ಇಎಸ್‌ಎಕ್ಸ್‌ಐಯಿಂದ ನೇರವಾಗಿ ಆಮದು ಮಾಡಿಕೊಳ್ಳುತ್ತದೆ. ತೊಂದರೆ ಬರುವುದು ಸಣ್ಣ ವಿಷಯಗಳಲ್ಲಿ. ವಿಂಡೋಸ್ ವಿಎಂಗೆ ಹಳೆಯ ಮನೆಯಲ್ಲಿರುವಾಗಲೇ ಕೆವಿಎಂಗೆ ಬೇಕಾದ ವರ್ಟ್‌ಐಓ ಡ್ರೈವರ್ ಹಾಕಿರದಿದ್ದರೆ ಹೊಸ ಕಡೆ ಅದಕ್ಕೆ ತನ್ನ ಡಿಸ್ಕೇ ಕಾಣದೆ ನೀಲಿ ಪರದೆ ಬರುತ್ತದೆ. ಬಯೋಸ್ ಎಂಬ ಹಳೆಯ ಆರಂಭ ಕ್ರಮದಲ್ಲಿ ಏಳುತ್ತಿದ್ದ ವಿಎಂ ಅನ್ನು ಹೊಸ ಕ್ರಮವಾದ ಯುಇಎಫ್‌ಐ ಎಂದು ಹೊಂದಿಸಿದರೆ ಅದು ಏಳುವುದಿಲ್ಲ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಸ್ಥಿರ ಐಪಿ ವಿಳಾಸ ಕಳೆದುಹೋಗುತ್ತದೆ. ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಮೊದಲೇ ಅಳಿಸಿ ಒಂದಾಗಿಸಬೇಕು, ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ ಅದರ ಮರುಪಡೆಯುವ ಕೀಲಿಯನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು. ವಿಂಡೋಸ್ ಜಾಲದಲ್ಲಿ ಬಳಕೆದಾರರ ಗುರುತು ಪರಿಶೀಲಿಸುವ ಡೊಮೈನ್ ಕಂಟ್ರೋಲರ್‌ಗಳನ್ನು ಪರಿವರ್ತಿಸುವುದಕ್ಕಿಂತ ಹೊಸ ಕಡೆ ಹೊಸದನ್ನು ಕಟ್ಟಿ ಹಳೆಯದನ್ನು ಕ್ರಮವಾಗಿ ತೆಗೆಯುವುದು ಸುರಕ್ಷಿತ.

ಮೊದಲು ಸಾಗಿಸಬೇಕಾದದ್ದು ಪರೀಕ್ಷಾ ವಿಎಂಗಳನ್ನು, ನಂತರ ನಿಂತರೂ ದೂರು ಬಾರದ ಆಂತರಿಕ ಸೇವೆಗಳನ್ನು, ಕೊನೆಗೆ ದತ್ತಸಂಚಯಗಳನ್ನು. ಪ್ರತಿ ವಿಎಂಗೂ ಹಿಂದಿರುಗುವ ಗಡುವನ್ನು ಮೊದಲೇ ಬರೆದಿಡಬೇಕು: ಇಂತಿಷ್ಟು ಗಂಟೆಯೊಳಗೆ ಸರಿಯಾಗದಿದ್ದರೆ ಹಳೆಯ ಪ್ರತಿಯನ್ನೇ ಚಾಲೂ ಮಾಡುವುದು. ಹೊಸ ಪ್ರತಿಗೆ ಬಳಕೆದಾರರು ಬರೆಯಲು ಆರಂಭಿಸಿದ ಮೇಲೆ ಹಿಂದಿರುಗಿದರೆ ನಡುವಿನ ದತ್ತಾಂಶ ಕಳೆದುಹೋಗುತ್ತದೆ, ಆದ್ದರಿಂದ ಆ ಗಡುವು ಸೇವೆಯನ್ನು ಬಳಕೆದಾರರಿಗೆ ತೆರೆಯುವುದಕ್ಕಿಂತ ಮೊದಲೇ ಮುಗಿಯುವಂತಿರಬೇಕು. ಸಾಗಿಸಿದ ವಿಎಂನ ಹಳೆಯ ಪ್ರತಿಯ ನೆಟ್‌ವರ್ಕನ್ನು ಕಡಿದಿಡಿ, ಯಾರಾದರೂ ತಪ್ಪಿ ಚಾಲೂ ಮಾಡಿದರೂ ಒಂದೇ ಐಪಿಯಲ್ಲಿ ಎರಡು ಯಂತ್ರಗಳು ಎದ್ದು ನಿಲ್ಲಬಾರದು. ಹೊಸ ಕ್ಲಸ್ಟರ್‌ನಲ್ಲಿ ಒಂದು ತಿಂಗಳ ಲೆಕ್ಕಪತ್ರ ಮುಗಿದು, ಅಲ್ಲಿಯ ಬ್ಯಾಕಪ್‌ನಿಂದ ಒಮ್ಮೆಯಾದರೂ ಮರಳಿ ತಂದು ನೋಡಿದ ಮೇಲೆಯೇ ಹಳೆಯ ಸರ್ವರ್‌ಗಳನ್ನು ಸ್ಥಗಿತಗೊಳಿಸಬೇಕು. ಹಳೆಯ ಚಂದಾ ಮುಗಿಯುವ ದಿನಾಂಕಕ್ಕಿಂತ ಸಾಕಷ್ಟು ಮೊದಲೇ ಇದೆಲ್ಲ ಮುಗಿಯುವಂತೆ ಇಡೀ ವೇಳಾಪಟ್ಟಿಯನ್ನು ಹಿಂದಿನಿಂದ ಲೆಕ್ಕ ಹಾಕಿ ಬರೆಯುವುದು ಒಳ್ಳೆಯದು.